ಅಲ್ಲಿ ಎಲ್ಲಿ ಮಲಗುತ್ತೀರಿ?



ನಾನು ಪಿಯುಸಿವರೆಗೆ ಓದಿದವನು. ಕರಪತ್ರ, ಮದುವೆ ಕಾಗದ, ಬಿಲ್ ಬುಕ್ಕು ಅಚ್ಚು ಹಾಕಿ ಬದುಕುವವನು. ಇವನಿಗೇಕೆ ವೀಸಾದ ಮಾತು ಅನ್ನಬೇಡಿ. ಕಾರಣವಿದೆ.

ಹೋದ ವರ್ಷ ಒಬ್ಬ ಹುಡುಗ ಪ್ರೆಸ್ಸಿಗೆ ಬಂದ. ಮೊಬೈಲಿನಲ್ಲಿ ಪ್ಯಾರಿಸ್ಸಿನ ಯಾವುದೋ ಹೋಟೆಲಿನ ಲೆಟರ್‌ಹೆಡ್ ತೋರಿಸಿದ. "ಅಣ್ಣಾ, ಇದೇ ಥರ ಒಂದು ಕಾಗದ ಮಾಡಿಕೊಡಿ. ನನ್ನ ಹೆಸರು, ಹತ್ತು ರಾತ್ರಿ, ಅಷ್ಟೇ." ಯಾರೋ ಏಜೆಂಟ್ ಹೇಳಿಕೊಟ್ಟಿದ್ದನಂತೆ. ನನಗೆ ಅರ್ಧ ಗಂಟೆಯ ಕೆಲಸ. ಗಿರಾಕಿ ಇಲ್ಲದ ದಿನ ಬೇರೆ. ಆದರೂ ಆಗಲ್ಲ ಅಂದೆ. ಅವನ ಮುಖ ಬಾಡಿತು. ಕೂರಿಸಿ ಟೀ ತರಿಸಿದೆ.

ಅಕ್ಕನ ಮಗನನ್ನು ನೋಡಲು ಜರ್ಮನಿಗೆ ಹೋಗುವಾಗ ಇದೇ ಕಾಗದಗಳಿಗಾಗಿ ನಾನೂ ಬೆವರು ಸುರಿಸಿದ್ದೆ. ಷೆಂಗೆನ್ ವೀಸಾ ಒಂದಿದ್ದರೆ ಯೂರೋಪಿನ 29 ದೇಶ ಸುತ್ತಬಹುದು. ಆದರೆ ಎಲ್ಲಿ ತಂಗುತ್ತೀರಿ ಎಂಬುದಕ್ಕೆ ಪುರಾವೆ ಕೊಡಬೇಕು. ಐದು ರಾತ್ರಿ ಪ್ಯಾರಿಸ್, ಮೂರು ರಾತ್ರಿ ರೋಮ್ ಎಂದು ಬರೆದು, ಆರು ರಾತ್ರಿಗೆ ಮಾತ್ರ ಬುಕಿಂಗ್ ತೋರಿಸಿದರೆ ಉಳಿದ ಎರಡು ರಾತ್ರಿ ಎಲ್ಲಿ ಅಂತ ಕೇಳುತ್ತಾರೆ. ಕೇಳುವುದು ಸರಿಯೇ. ನಮ್ಮ ಮನೆಗೆ ಬರುವ ನೆಂಟರನ್ನೂ ನಾವು ಕೇಳುವುದಿಲ್ಲವೇ?

ಅಲ್ಲಿ ನಂಟರ ಮನೆಯಿದ್ದರೆ ಬರಿಯ ಆಹ್ವಾನ ಪತ್ರ ಸಾಲದಿರಬಹುದು. ಫ್ರಾನ್ಸಿನಲ್ಲಿ ಕರೆಯುವವರೇ ತಮ್ಮ ಊರಿನ ಮೇಯರ್ ಕಚೇರಿಯಿಂದ ಆತಿಥ್ಯದ ಪತ್ರ ಪಡೆದು ಕಳಿಸಬೇಕು. ಜರ್ಮನಿಯಲ್ಲಿ ನಮ್ಮ ಖರ್ಚು ಹೊರುತ್ತೇನೆಂದು ಅವರು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಬರೆದುಕೊಡುವ ಪದ್ಧತಿಯುಂಟು. ಇದಕ್ಕೆಲ್ಲ ದಿನ ಹಿಡಿಯುತ್ತದೆ. ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಕೊನೆಗಳಿಗೆಯಲ್ಲಿ ಓಡಬೇಡಿ.

ನಕಲಿ ಕಾಗದದ ಗತಿ ಏನು? ಹೋಟೆಲಿಗೊಂದು ಫೋನು, ಸುಳ್ಳು ಬಯಲು. ಅರ್ಜಿ ತಿರಸ್ಕಾರ. 2024ರ ಜೂನ್‌ನಲ್ಲಿ 90 ಯೂರೋಗೆ ಏರಿದ ಶುಲ್ಕ ವಾಪಸ್ ಬರುವುದಿಲ್ಲ. ತಿರಸ್ಕಾರದ ದಾಖಲೆ ಅವರ ಸಾಮಾನ್ಯ ಕಂಪ್ಯೂಟರಿನಲ್ಲಿ ಐದು ವರ್ಷದವರೆಗೆ ಉಳಿಯಬಹುದು. ಇವತ್ತು ಫ್ರಾನ್ಸ್ ಬೇಡವೆಂದದ್ದು ನಾಳೆ ಇಟಲಿಯವರಿಗೂ ಕಾಣುತ್ತದೆ. ಏಜೆಂಟನ ಹೆಸರು ಅದರಲ್ಲಿ ಇರುವುದಿಲ್ಲ, ನಿಮ್ಮದಿರುತ್ತದೆ!

ದುಡ್ಡಿನ ಭಯ ಬೇಡ. ರದ್ದು ಮಾಡಿದರೆ ದುಡ್ಡು ಹೋಗದ ಬುಕಿಂಗ್ ಎಷ್ಟೋ ಹೋಟೆಲುಗಳು ಕೊಡುತ್ತವೆ. ಹಾಗಂತ ವೀಸಾ ಸಿಕ್ಕ ಕೂಡಲೇ ರದ್ದು ಮಾಡಿ ಬರಿಗೈಯಲ್ಲಿ ವಿಮಾನ ಹತ್ತಬೇಡಿ. ಇಳಿದಲ್ಲಿ ಗಡಿ ಪೊಲೀಸರು ಮತ್ತೆ ಕೇಳಬಹುದು, ವೀಸಾ ಇದ್ದರೂ ತಿರುಗಿ ಕಳಿಸಬಹುದು.

ಆ ಹುಡುಗ ವಾರದ ನಂತರ ಮತ್ತೆ ಬಂದ. ನಿಜವಾದ ಬುಕಿಂಗ್ ಕಾಗದ, ಎರಡು ಜೆರಾಕ್ಸ್ ಬೇಕಿತ್ತು. ತೆಗೆದುಕೊಟ್ಟೆ. ನಾಲ್ಕು ರೂಪಾಯಿ ಇಸಿದುಕೊಂಡೆ.