ಮುದಿಪ್ರಾಯಕ್ಕೆ ಎಷ್ಟು ಹಣ ಬೇಕು?

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸ)



ಕೆಲವು ಸಮಯದ ಹಿಂದೆ ಒಂದು ಸಂಘದ ಸಭೆಯಲ್ಲಿ ನಾವು ಉಳಿತಾಯದ ಬಗ್ಗೆ ಮಾತನಾಡುತ್ತಿದ್ದಾಗ ಹಿಂದೆ ಕುಳಿತಿದ್ದ ಒಬ್ಬ ಅಕ್ಕ ಎದ್ದು ನಿಂತು ಹೇಳಿದರು: "ಸಿಸ್ಟರ್, ನಿಮಗೇನು, ಪ್ರಾಯ ಆದ ಮೇಲೆ ಕಾನ್ವೆಂಟಿನವರು ನೋಡಿಕೊಳ್ಳುತ್ತಾರೆ. ನಮ್ಮನ್ನು ಯಾರು ನೋಡುವುದು?" ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮಾತು ಸತ್ಯ. ನಮಗೆ ಗಂಜಿ, ಮದ್ದು, ಮಲಗಲು ಒಂದು ಮಂಚ ಇದ್ದೇ ಇರುತ್ತದೆ. ನಿಮಗೆ ಹಾಗೆ ಬರೆದುಕೊಟ್ಟವರು ಯಾರೂ ಇಲ್ಲ. ಆದ್ದರಿಂದ ಇವತ್ತು ಸಾಲದ ವಿಷಯ ಬೇಡ. ಅರುವತ್ತರ ನಂತರದ ಖರ್ಚಿನ ಲೆಕ್ಕ ಮಾಡೋಣ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಇಷ್ಟು ವರ್ಷಗಳಿಂದ ನಾವು ನಿಮಗೆ ವಾರದ ಉಳಿತಾಯ ಕಲಿಸಿದೆವು, ಲೆಕ್ಕಪುಸ್ತಕ ಬರೆಯಲು ಕಲಿಸಿದೆವು, ಬ್ಯಾಂಕಿಗೆ ಹೋಗಿ ಮ್ಯಾನೇಜರರ ಎದುರು ಧೈರ್ಯವಾಗಿ ಮಾತನಾಡಲು ಕಲಿಸಿದೆವು. ಮಕ್ಕಳ ಫೀಸಿಗೆ, ಮಗಳ ಮದುವೆಗೆ, ಮನೆಯ ಮಾಡಿಗೆ ಸಾಲ ಕೊಟ್ಟೆವು. ಮರುಪಾವತಿ ಸರಿಯಾಗಿ ಮಾಡಿದವರಿಗೆ ಶಾಲು ಹೊದಿಸಿದೆವು. ಆದರೆ "ನಿನಗಾಗಿ ಎಷ್ಟು ಇಟ್ಟಿದ್ದೀ?" ಎಂದು ಕೇಳಲೇ ಇಲ್ಲ.

ಹಾಗೆ ಶಾಲು ಹೊದಿಸಿಕೊಂಡವರಲ್ಲಿ ಒಬ್ಬರ ವಿಷಯ ಹೇಳುತ್ತೇವೆ. ಹೆಸರು ಬೇಡ. ಹದಿನಾಲ್ಕನೇ ಪ್ರಾಯದಿಂದ ಬೀಡಿ ಕಟ್ಟಿದವರು. ಸಂಘದಲ್ಲಿ ಒಂದು ಕಂತೂ ತಪ್ಪಿಸಿದವರಲ್ಲ. ಪಿ.ಎಫ್. ಹಣ ಮಗಳ ಮದುವೆಗೆ ಹೋಯಿತು. ಸಂಘದ ಪಾಲು ಬಂದದ್ದು ಮಗನ ಮನೆಯ ಸ್ಲ್ಯಾಬಿಗೆ ಹೋಯಿತು. ಗಂಡ ತೀರಿದ ಮೇಲೆ ಐದು ಸೆಂಟ್ಸ್ ಜಾಗವನ್ನೂ ಮಗನ ಹೆಸರಿಗೆ ಬರೆದುಕೊಟ್ಟರು. ಒಂದು ದಿನ ಅವರಿಗೆ ಪಕ್ಷವಾತ ಬಡಿಯಿತೆಂದು ಕೇಳಿ ನಾವು ನೋಡಲು ಹೋದೆವು. ಆಗ ಗೊತ್ತಾಯಿತು, ಬಿ.ಪಿ. ಮಾತ್ರೆಯನ್ನು ಅವರು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದರಂತೆ. ಒಂದು ತಿಂಗಳ ಮಾತ್ರೆ ಎರಡು ತಿಂಗಳಿಗೆ ಬರಲಿ ಎಂದು. ಮಗ ಕೆಟ್ಟವನಲ್ಲ. ಪೈಂಟಿಂಗ್ ಕೆಲಸ, ಮಳೆಗಾಲದಲ್ಲಿ ಕೆಲಸ ಕಡಿಮೆ. "ಒಂದು ಮಾತು ಕೇಳಿದ್ದರೆ ಕೊಡುತ್ತಿದ್ದೆ ಸಿಸ್ಟರ್" ಎಂದು ಬಾಗಿಲ ಹತ್ತಿರ ನಿಂತು ಅತ್ತ. ಅವನು ಹೇಳಿದ್ದು ನಿಜವೇ ಇರಬಹುದು. ಆದರೆ ಕೇಳಲು ಆ ತಾಯಿಗೆ ಬಾಯಿ ಬರಲಿಲ್ಲ. ಊಟ ಕೇಳಬೇಕಾಗಿರಲಿಲ್ಲ, ಅದು ಬಡಿಸುತ್ತಿದ್ದರು. ಮದ್ದಿಗೆ, ಬಸ್ಸಿಗೆ, ಮೊಮ್ಮಗುವಿನ ಕೈಗೆ ಒಂದು ಮಿಠಾಯಿಗೆ ಪ್ರತಿಸಲ ಕೇಳಬೇಕಾಗಿತ್ತು.

ಈಗ ಲೆಕ್ಕಕ್ಕೆ ಬರೋಣ. ಒಬ್ಬ ಹೆಂಗಸಿಗೆ ತಿಂಗಳಿಗೆ ಏನೇನು ಬೇಕು? ಒಂದು ಸಂಘದವರೇ ಹೇಳುತ್ತಾ ಹೋದರು, ನಾವು ಬೋರ್ಡಿನ ಮೇಲೆ ಬರೆದೆವು. ಕುಚಲಕ್ಕಿ, ತೆಂಗಿನೆಣ್ಣೆ, ಮೀನು, ತರಕಾರಿ, ಚಹಾ, ಸಕ್ಕರೆ, ಹಾಲು ಸೇರಿ 2,400 ರೂಪಾಯಿ. ರೇಷನ್ ಅಕ್ಕಿ ಬಂದರೂ ಪದಾರ್ಥಕ್ಕೆ ಹಣ ಬೇಕೇ ಬೇಕು. ಗ್ಯಾಸ್, ಕರೆಂಟು, ನೀರು 500. ಮದ್ದು ಮತ್ತು ಡಾಕ್ಟರ ಫೀಸು 800. ಮೊಬೈಲ್ ರೀಚಾರ್ಜ್ ಮತ್ತು ಬಸ್ಸು 400. ಸಾಬೂನು, ಬಟ್ಟೆ, ಚಪ್ಪಲಿ 400. ಮದುವೆ, ಹಬ್ಬ, ಇಗರ್ಜಿ, ದೇವಸ್ಥಾನ, ಸತ್ತವರ ಮನೆಗೆ ಹೋಗಿ ಬರುವುದು 500. ಒಟ್ಟು 5,000. ನಿಮ್ಮ ಮನೆಯಲ್ಲಿ ಇದು ಹೆಚ್ಚು ಕಡಿಮೆ ಇರಬಹುದು, ನೀವೇ ಬರೆದು ನೋಡಿ. ಬಸ್ಸಿಗೆ ಯಾಕೆ ಹಣ, ಶಕ್ತಿ ಯೋಜನೆ ಇದೆಯಲ್ಲ ಎಂದು ಒಬ್ಬರು ಕೇಳಿದರು. 2023ರ ಜೂನ್‌ನಿಂದ ಸರಕಾರಿ ಬಸ್ಸು ಉಚಿತ, ಸರಿ. ಆದರೆ ನಮ್ಮ ಕರಾವಳಿಯಲ್ಲಿ ಹೆಚ್ಚಿನ ಊರಿಗೆ ಹೋಗುವುದು ಪ್ರೈವೇಟ್ ಬಸ್ಸು. ಅಲ್ಲಿ ಟಿಕೆಟ್ ತೆಗೆಯಲೇಬೇಕು.

ತಿಂಗಳಿಗೆ 5,000 ಅಂದರೆ ವರ್ಷಕ್ಕೆ 60,000. ಇಷ್ಟು ಬಡ್ಡಿ ಬರಬೇಕಾದರೆ ಬ್ಯಾಂಕಿನಲ್ಲೋ ಪೋಸ್ಟ್ ಆಫೀಸಿನಲ್ಲೋ ಎಷ್ಟು ಇಡಬೇಕು? ಬಡ್ಡಿ ಶೇಕಡಾ 7 ಎಂದು ಇಟ್ಟುಕೊಂಡರೆ ಸುಮಾರು 8 ಲಕ್ಷ 57 ಸಾವಿರ. ಇದನ್ನು ಬೋರ್ಡಿನಲ್ಲಿ ಬರೆದಾಗ ಸಭೆ ಸ್ತಬ್ಧವಾಯಿತು. "ನಾವು ಸತ್ತರೂ ಅಷ್ಟು ಆಗುವುದಿಲ್ಲ" ಎಂದರು ಒಬ್ಬರು.

ಹೆದರಬೇಡಿ. ನಮ್ಮಲ್ಲಿ ಹೆಚ್ಚಿನವರು ಒಂಟಿಯಾಗಿ ಅಡಿಗೆ ಮಾಡಿ ಉಣ್ಣುವವರಲ್ಲ. ಮಗನ ಜೊತೆಗೋ ಮಗಳ ಜೊತೆಗೋ ಇರುತ್ತೀರಿ. ಊಟ, ಗ್ಯಾಸ್, ಕರೆಂಟು ಆ ಮನೆಯ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೆ ಬದಲು ನೀವು ಮೊಮ್ಮಕ್ಕಳನ್ನು ನೋಡುತ್ತೀರಿ, ಅಂಗಳ ಗುಡಿಸುತ್ತೀರಿ, ಪುಕ್ಕಟೆ ಏನೂ ಅಲ್ಲ. ಆಗ ಉಳಿಯುವುದು ಮದ್ದು 800, ಫೋನು ಬಸ್ಸು 400, ಬಟ್ಟೆ ಸಾಬೂನು 400, ಹೋಗಿಬರುವ ಖರ್ಚು 500. ಒಟ್ಟು 2,100. ಕೇಳಲು ನಾಚಿಕೆಯಾಗುವ ಹಣ ಎಂದರೆ ಇದೇ. ಆ ತಾಯಿಗೆ ಸಿಗದೆ ಹೋದದ್ದೂ ಇದೇ. ಅದೇ ಬಡ್ಡಿಯಲ್ಲಿ ಇದಕ್ಕೆ ಬೇಕಾದ ಗಂಟು 3 ಲಕ್ಷ 60 ಸಾವಿರ. ಇದೂ ದೊಡ್ಡದೇ. ಆದರೆ ಮಗಳ ಮದುವೆಗೆ ನಾವು ಎಷ್ಟು ಹೊಂದಿಸುತ್ತೇವೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ.

ಇನ್ನೊಂದು ವಿಷಯ ಮರೆಯಬಾರದು. ಬೆಲೆ ಏರುತ್ತಲೇ ಇರುತ್ತದೆ. ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಬೆಲೆ ಇಮ್ಮಡಿ. ಈಗ 36 ಪ್ರಾಯದವರಿಗೆ ಅರುವತ್ತಾಗುವಾಗ ಎರಡು ಸಲ ಇಮ್ಮಡಿಯಾಗಿರುತ್ತದೆ. ಇಂದಿನ 2,100ರ ಜಾಗದಲ್ಲಿ ಆಗ 8,400 ಬೇಕು. ಆದ್ದರಿಂದ ಚಿಕ್ಕ ಪ್ರಾಯದವರು "ಇನ್ನೂ ಸಮಯ ಇದೆ" ಎಂದು ಕೂರುವುದು ಬೇಡ, ನಿಮಗೇ ಹೆಚ್ಚು ಬೇಕಾಗಿರುವುದು.

ಸರಕಾರ ಕೊಡುವುದಿಲ್ಲವಾ ಎಂದು ಕೇಳುತ್ತೀರಿ. 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದ ಬಡವರಿಗೆ. 2021ರಲ್ಲಿ ಅದರ ಮೊತ್ತ 1,000ದಿಂದ 1,200 ಆಯಿತು. ಅರ್ಜಿ ನಾಡಕಚೇರಿಯಲ್ಲಿ. ಆದರೆ ಆದಾಯಕ್ಕೂ ಠೇವಣಿಗೂ ಮಿತಿ ಇದೆ, ಬೇರೆ ಪಿಂಚಣಿ ಬರುವವರಿಗೆ ಇದು ಸಿಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ಮನೆಯ ಯಜಮಾನಿಗೆ ಮಾತ್ರ, ಒಂದು ಮನೆಗೆ ಒಬ್ಬರಿಗೆ. ಅತ್ತೆಗೋ ಸೊಸೆಗೋ ಎಂದು ಕೆಲವು ಮನೆಗಳಲ್ಲಿ ಆದ ಜಗಳ ನಮಗೆ ಗೊತ್ತಿಲ್ಲದ್ದಲ್ಲ! ಸಿಗುವವರು ಖಂಡಿತ ತೆಗೆದುಕೊಳ್ಳಿ. ಆದರೆ ಇಪ್ಪತ್ತು ವರ್ಷದ ನಂತರದ ಲೆಕ್ಕದಲ್ಲಿ ಇದನ್ನು ಸೇರಿಸಬೇಡಿ.

ನಲುವತ್ತು ದಾಟದವರಿಗೆ ಅಟಲ್ ಪಿಂಚಣಿ ಯೋಜನೆ ಇದೆ. 2015ರಲ್ಲಿ ಬಂದದ್ದು. 18ರಿಂದ 40 ಪ್ರಾಯದೊಳಗೆ ಸೇರಬೇಕು, ಆದಾಯ ತೆರಿಗೆ ಕಟ್ಟುವವರು 2022ರ ಅಕ್ಟೋಬರ್ ನಂತರ ಸೇರುವಂತಿಲ್ಲ. ಅರುವತ್ತರ ನಂತರ ತಿಂಗಳಿಗೆ 1,000ದಿಂದ 5,000ದವರೆಗೆ, ನೀವು ಆರಿಸಿದಷ್ಟು ಪಿಂಚಣಿ. 5,000 ಬೇಕಾದರೆ 25ರಲ್ಲಿ ಸೇರಿದವರು ತಿಂಗಳಿಗೆ 376 ಕಟ್ಟಬೇಕು, 30ರಲ್ಲಿ 577, 35ರಲ್ಲಿ 902, 40ರಲ್ಲಿ 1,454. ನೋಡಿ, ತಡ ಮಾಡಿದ್ದಕ್ಕೆ ಎಷ್ಟು ದಂಡ! ನಿಮ್ಮ ನಂತರ ಗಂಡನಿಗೆ ಅಷ್ಟೇ ಪಿಂಚಣಿ, ಇಬ್ಬರೂ ತೀರಿದ ಮೇಲೆ ಗಂಟು ನಾಮಿನಿಗೆ. ಕಂತು ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಖಾತೆಯಲ್ಲಿ ಹಣ ಇಲ್ಲದಿದ್ದರೆ ದಂಡ ಬೀಳುತ್ತದೆ. ಇದರಲ್ಲಿ ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ಪಿಂಚಣಿ ಬೆಲೆಯೊಂದಿಗೆ ಏರುವುದಿಲ್ಲ. 24 ವರ್ಷದ ನಂತರದ 5,000 ಇಂದಿನ 1,250ಕ್ಕೆ ಸಮ ಆದೀತು. ಆದರೂ ಸೇರಿ ಎಂದೇ ನಾವು ಹೇಳುವುದು. ಮಗನ ಸಾಲಕ್ಕೋ ಮದುವೆಗೋ ಸುಲಭದಲ್ಲಿ ತೆಗೆದು ಕೊಡಲಾಗದ ಹಣ ಅದು. ನಮ್ಮ ಹೆಂಗಸರಿಗೆ ಇದೇ ದೊಡ್ಡ ಗುಣ.

ಐವತ್ತಾದವರು ಏನು ಮಾಡುವುದು? ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಆರ್.ಡಿ. ಕಟ್ಟಬಹುದು. ತಿಂಗಳಿಗೆ 1,000ದಂತೆ ಹತ್ತು ವರ್ಷ ಇಟ್ಟರೆ, ಬಡ್ಡಿ ಶೇಕಡಾ ಆರೂವರೆ ಎಂದು ಹಿಡಿದರೂ 1 ಲಕ್ಷ 68 ಸಾವಿರದಷ್ಟು ಆಗುತ್ತದೆ. ಅದನ್ನು ಠೇವಣಿ ಇಟ್ಟರೆ ತಿಂಗಳಿಗೆ 900ರ ಆಸುಪಾಸು ಬಡ್ಡಿ. ಮದ್ದಿನ ಖರ್ಚು ಅಲ್ಲಿಗೆ ಆಯಿತು. ಬಿ.ಪಿ., ಶುಗರ್ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ, ಇಲ್ಲದಿದ್ದರೆ ಜನೌಷಧಿ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ. ಅಲ್ಲಿಗೆ ಹೋಗಲು ಯಾರೂ ನಾಚಿಕೆಪಡಬೇಡಿ. ಸಂಘದ ವಾರದ ಉಳಿತಾಯವನ್ನೇ ಮುದಿಪ್ರಾಯದ ಹಣ ಎಂದು ತಿಳಿಯಬೇಡಿ. ಅದು ಸಾಲವಾಗಿ ತಿರುಗುತ್ತಿರುವ ಹಣ. ಇದನ್ನು ಬೇರೆಯಾಗಿ, ನಿಮ್ಮ ಒಬ್ಬರ ಹೆಸರಿನ ಪಾಸ್‌ಬುಕ್ಕಿನಲ್ಲಿ ಇಡಿ. ತಿಂಗಳಿಗೆ ನೂರಕ್ಕೆ ಐದು, ಹತ್ತು ಬಡ್ಡಿ ಕೊಡುತ್ತೇವೆ ಎಂದು ಮನೆಬಾಗಿಲಿಗೆ ಬರುವವರಿಗೆ ಮಾತ್ರ ಒಂದು ರೂಪಾಯಿಯೂ ಕೊಡಬೇಡಿ.

ಬೀಡಿ ಕಟ್ಟುವವರು ಸ್ವಲ್ಪ ಗಮನ ಕೊಡಿ. ನಿಮ್ಮ ಪಿ.ಎಫ್.ನಲ್ಲಿ ಎರಡು ಭಾಗ ಇದೆ, ಒಂದು ಭವಿಷ್ಯನಿಧಿ, ಇನ್ನೊಂದು ಪಿಂಚಣಿ. ಹತ್ತು ವರ್ಷ ಸರ್ವಿಸ್ ತುಂಬಿದರೆ 58ರಿಂದ ಪಿಂಚಣಿ ಬರುತ್ತದೆ. 2014ರಿಂದ ಕನಿಷ್ಠ ತಿಂಗಳಿಗೆ 1,000. ಹತ್ತು ವರ್ಷ ಆಗುವ ಮೊದಲೇ ಕೆಲಸ ಬಿಟ್ಟು, ಪಿಂಚಣಿ ಭಾಗವನ್ನೂ ತೆಗೆದುಬಿಟ್ಟರೆ ಆ ವರ್ಷಗಳು ಹೋದವು. ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್ ಪಡೆದುಕೊಂಡರೆ, ಮುಂದೆ ಬೇರೆ ಕಡೆ ಪಿ.ಎಫ್. ಇರುವ ಕೆಲಸಕ್ಕೆ ಸೇರಿದಾಗ ಹಳೆಯ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಅತ್ತೆಯ ಪುಸ್ತಕದಲ್ಲಿ, ನೆರೆಮನೆಯವರ ಪುಸ್ತಕದಲ್ಲಿ ಬೀಡಿ ಕೊಡುವವರೂ ನಮ್ಮಲ್ಲಿ ಇದ್ದಾರೆ. ಕೈ ನಿಮ್ಮದು, ಪಿಂಚಣಿ ಅವರದ್ದು. ದಯವಿಟ್ಟು ನಿಮ್ಮ ಹೆಸರಿನಲ್ಲೇ ಪುಸ್ತಕ ಮಾಡಿಸಿ.

ಕೊನೆಯದಾಗಿ ಜಾಗದ ವಿಷಯ. ಇದರಲ್ಲಿ ನಾವು ಸ್ವಲ್ಪ ಕಟುವಾಗಿ ಹೇಳುತ್ತೇವೆ, ಬೇಸರ ಮಾಡಬೇಡಿ. ಬದುಕಿರುವಾಗ ಮನೆ ಜಾಗವನ್ನು ದಾನಪತ್ರ ಮಾಡಿ ಕೊಡಲು ಅವಸರ ಬೇಡ. ವೀಲುನಾಮೆ ಬರೆದಿಡಿ. ಅದು ನಿಮ್ಮ ನಂತರ ಜಾರಿಗೆ ಬರುವುದು, ಮನಸ್ಸು ಬದಲಾದರೆ ಬದಲಾಯಿಸಲೂಬಹುದು. ದಾನಪತ್ರ ಮಾಡಲೇಬೇಕಾದರೆ "ಕೊನೆಯವರೆಗೆ ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಅದರ 23ನೇ ಸೆಕ್ಷನ್ ಪ್ರಕಾರ, ಅಂಥ ಷರತ್ತು ಇದ್ದು ಮಕ್ಕಳು ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿ ಆ ಪತ್ರವನ್ನು ರದ್ದು ಮಾಡಬಹುದು. ನಮ್ಮಲ್ಲಿ ಈ ಅರ್ಜಿಯನ್ನು ಉಪವಿಭಾಗಾಧಿಕಾರಿ, ಅಂದರೆ ಎ.ಸಿ.ಯವರು ವಿಚಾರಿಸುತ್ತಾರೆ. ಮಕ್ಕಳ ಮೇಲೆ ದೂರು ಕೊಡುವ ತಾಯಂದಿರು ಕಡಿಮೆ, ಗೊತ್ತು. ಆದರೆ ಷರತ್ತು ಬರೆಸುವುದು ದೂರು ಅಲ್ಲ.

ಚಿನ್ನವೂ ಹಾಗೆಯೇ. ಮಗಳಿಗೆ ಕೊಡಿ, ಸೊಸೆಗೆ ಕೊಡಿ. ಎರಡು ಬಳೆ ಆದರೂ ನಿಮ್ಮ ಕೈಯಲ್ಲಿ ಉಳಿಯಲಿ.

ಆ ತಾಯಿ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಸೊಸೆ ನಮ್ಮ ಸಂಘದ ಸದಸ್ಯೆ, 30 ಪ್ರಾಯ. ಹೋದ ತಿಂಗಳು ಅಟಲ್ ಪಿಂಚಣಿಗೆ ಫಾರಂ ತುಂಬಿಸಿದಳು. ಫಾರಂ ತುಂಬಿಸಲು ಹೇಳಿದ್ದು ನಾವಲ್ಲ, ಅತ್ತೆ.

ಮುಂದಿನ ತಿಂಗಳ ಸಭೆಗೆ ಪ್ರತಿಯೊಬ್ಬರೂ ನಿಮ್ಮ ಬ್ಯಾಂಕ್ ಪಾಸ್‌ಬುಕ್, ಆಧಾರ್ ಕಾರ್ಡ್, ರೇಷನ್ ಕಾರ್ಡ್, ಪಿ.ಎಫ್. ಇದ್ದವರು ಅದರ ನಂಬ್ರ ತನ್ನಿ. ತಿಂಗಳ ಖರ್ಚನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ, ಮದ್ದಿನ ಖರ್ಚನ್ನು ಮೊದಲು ಬರೆಯಿರಿ. ನಾಮಿನಿ ಯಾರೆಂದು ಗೊತ್ತಿಲ್ಲದವರು ಬ್ಯಾಂಕಿನಲ್ಲಿ ಕೇಳಿಕೊಂಡು ಬನ್ನಿ. ನಮ್ಮ ಪ್ರೇರಕಿಯರು ಒಬ್ಬೊಬ್ಬರ ಜೊತೆ ಕೂತು ಲೆಕ್ಕ ಮಾಡಿಕೊಡುತ್ತಾರೆ. ಬರಲು ಆಗದ ಹಿರಿಯ ಸದಸ್ಯೆಯರಿದ್ದರೆ ಹೆಸರು ಕೊಡಿ, ಮನೆಗೆ ನಾವೇ ಬರುತ್ತೇವೆ.