ರಾತ್ರಿ ಪಾಳಿಯ ಸಿಸ್ಟರ್: ಕುರಕುಂಟಾದಿಂದ ಕಲಬುರಗಿವರೆಗೆ

(ಆರೋಗ್ಯ ಪಾಡ್‌ಕಾಸ್ಟ್‌ನ ಮಾತಿನ ಅಕ್ಷರರೂಪ. ಮಾತನಾಡಿದವರು ಕಲಬುರಗಿ ಜಿಲ್ಲೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಶುಶ್ರೂಷಕಿ.)



ನಮ್ಮ ಕಡೆ ಯಾವ ಊರಿಗೆ ಹೋದರೂ ದವಾಖಾನಿ ಬಗ್ಗೆ ಜನ ಕೇಳೋದು ಒಂದೇ ಮಾತು: ‘ಡಾಕ್ಟ್ರು ಅದಾರೇನ್ರಿ?’ ಕುರಕುಂಟಾದಾಗೂ ಅದೇ, ಚಿಂಚೋಳಿ ತಾಂಡಾದಾಗೂ ಅದೇ. ಪೇಪರ್‌ನಲ್ಲಿ ಬರುವ ಸುದ್ದಿಯೂ ವೈದ್ಯರ ಹುದ್ದೆ ಖಾಲಿ ಅಂತಲೇ. ಅದು ಸುಳ್ಳಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದಾಗ ಎದ್ದು ಬರುವಾಕಿ ಅದಾಳೋ ಇಲ್ಲೋ, ಅದನ್ನ ಯಾರೂ ಕೇಳೋದಿಲ್ಲ. ಇವತ್ತು ಆಕಿ ಬಗ್ಗೆ ಮಾತಾಡೋಣ.

ನರ್ಸ್ ಅಂದರೆ ಒಂದೇ ಕೆಲಸ ಅಂತ ಜನ ತಿಳಿದಿರುತ್ತಾರೆ, ಬಿಳಿ ಸೀರೆ, ಸೂಜಿ, ಸಲಾಯಿನ್. ಹಂಗಲ್ಲ. ಕೂತ ಕಟ್ಟಡ ಬದಲಾದರೆ ಕೆಲಸವೇ ಬದಲಾಗುತ್ತದೆ. ಬಯಲು ಸೀಮೆಯಲ್ಲಿ ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ, ಮೂವತ್ತು ಸಾವಿರಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಮೇಲೆ ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ. ಈ ಮೆಟ್ಟಿಲುಗಳ ಮೂಲ ನಕ್ಷೆ 1946ರ ಭೋರ್ ಸಮಿತಿಯದು. ಕೆಳಗಿನ ಮೆಟ್ಟಿಲಲ್ಲಿ ಇರುವಾಕಿ ನಾವೆಲ್ಲ ‘ಎಎನ್ಎಂ ಅಕ್ಕ’ ಅನ್ನುವಾಕಿ. ಸರ್ಕಾರ ಆಕಿಗೆ ಈಗ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಅಂತ ಹೆಸರಿಟ್ಟಿದೆ. ಸ್ಟಾಫ್ ನರ್ಸ್ ‘ಶುಶ್ರೂಷಾಧಿಕಾರಿ’ ಆಗಿದ್ದಾರೆ. ಹೆಸರು ದೊಡ್ಡದಾದವು, ಒಳ್ಳೇದೇ. ಊರಾಗ ಮಾತ್ರ ಇಬ್ಬರೂ ಇನ್ನೂ ‘ಸಿಸ್ಟರ್’.

ಕುರಕುಂಟಾ ಅಂದರೆ ಸೇಡಂ ದಾಟಿ ತಾಂಡೂರು ಕಡೆ ಹೋಗುವ ರೈಲು ಹಳಿ ಮೇಲಿನ ಊರು. ಇಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಎಲ್ಲ ನಡೆಯುತ್ತದೆ. ಹೆರಿಗೆ ಬ್ಯಾನಿ ಶುರುವಾದರೆ ಮನಿಯವರ ಮುಂದೆ ಎರಡು ದಾರಿ. ಒಂದು, ಸೇಡಂ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಮತ್ತೆ ಐವತ್ತು ಚಿಲ್ಲರೆ ಕಿಲೋಮೀಟರ್ ಕಲಬುರಗಿ. ಇನ್ನೊಂದು, ಗಡಿ ದಾಟಿ ತಾಂಡೂರು. ಗಡಿ ಆಚೆ ಹೋದರೆ ನಮ್ಮ ಕನ್ನಡದ ತಾಯಿ ಕಾರ್ಡ್ ಓದುವವರು ಸಿಕ್ಕರೆ ಪುಣ್ಯ. ಅದಕ್ಕೇ ನಮ್ಮಲ್ಲಿ ಬುದ್ಧಿವಂತ ಸಿಸ್ಟರ್‌ಗಳು ಬಿಪಿ ಎಷ್ಟು, ರಕ್ತ ಎಷ್ಟು, ಎಷ್ಟನೇ ಹೆರಿಗೆ, ಯಾವ ಸೂಜಿ ಎಷ್ಟು ಗಂಟೆಗೆ ಕೊಟ್ಟೆ ಅಂತ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಬಸುರಿ ಕೈಯಾಗ ಕೊಡುತ್ತಾರೆ. ಯಾವ ಸುತ್ತೋಲೆಯೂ ಇದನ್ನ ಕಲಿಸಿದ್ದಲ್ಲ.

ಇಲ್ಲಿ ಅಸಲಿ ಪ್ರಶ್ನೆ ಏನಂದರೆ, ಕಳಿಸಬೇಕೋ ಇಟ್ಟುಕೊಳ್ಳಬೇಕೋ ಅಂತ ತೀರ್ಮಾನ ಮಾಡುವವರು ಯಾರು? ಕಾಗದದ ಮೇಲೆ ವೈದ್ಯಾಧಿಕಾರಿ. ರಾತ್ರಿ ಹೊತ್ತು ಸಿಸ್ಟರ್. ಹೆರಿಗೆ ಆದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ಎರಡು ತಾಸಿನಲ್ಲಿ ಜೀವ ಹೋಗಬಹುದು. ಆ ಎರಡು ತಾಸಿನಲ್ಲೇ ಆಂಬುಲೆನ್ಸ್ ಬರಬೇಕು, ದಾರಿ ಸವೆಯಬೇಕು, ರಕ್ತ ಸಿಗಬೇಕು. ‘ಅಕ್ಕಾ, ರಕ್ತ ಭಾಳ ಹೋಗ್ಲತ್ತದ’ ಅಂತ ಅತ್ತೆ ಬಂದು ಹೇಳಿದಾಗ ಡಾಕ್ಟರ್ ಫೋನ್ ಎತ್ತುವವರೆಗೂ ಕಾಯುವ ಪರಿಸ್ಥಿತಿ ಇರೋದಿಲ್ಲ. ಹೊಟ್ಟೆ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿ ಅದನೋ ಮೆತ್ತಗದನೋ ನೋಡಬೇಕು, ತಿಕ್ಕಬೇಕು, ಆಕ್ಸಿಟೋಸಿನ್ ಹಾಕಬೇಕು, ಸಲಾಯಿನ್ ಹಚ್ಚಬೇಕು, 108ಕ್ಕೆ ಫೋನ್ ಮಾಡಬೇಕು. ಬಸುರಿಗೆ ಬಿಪಿ ಏರಿ ಫಿಟ್ಸ್ ಬಂದರೆ ಮ್ಯಾಗ್ನೀಷಿಯಂ ಸಲ್ಫೇಟ್‌ನ ಮೊದಲ ಡೋಸ್, ಎರಡೂ ಕುಂಡಿಗೆ ಐದೈದು ಗ್ರಾಂ, ಕೊಟ್ಟೇ ಮೇಲಿನ ಆಸ್ಪತ್ರೆಗೆ ಕಳಿಸಬೇಕು. ಇದನ್ನ ಎಎನ್ಎಂ ಕೂಡ ಕೊಡಬಹುದು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಆದರೂ ಎಷ್ಟೋ ಹುಡುಗಿಯರು ಹೆದರುತ್ತಾರೆ. ಕೊಟ್ಟು ಏನಾದರೂ ಆದರೆ ನೋಟಿಸ್ ಬರುತ್ತದೆ, ಕೊಡದೆ ಕಳಿಸಿದರೆ ಯಾರೂ ಕೇಳೋದಿಲ್ಲ. ಅಧಿಕಾರ ಇದೆ, ಬೆನ್ನಿಗೆ ನಿಲ್ಲುವವರು ಇಲ್ಲ.

ನರ್ಸ್ ಕೈಯಾಗ ಇಂಥ ಜವಾಬ್ದಾರಿ ಕೊಟ್ಟರೆ ನಡೆಯುತ್ತದೇನು ಅಂತ ಅನುಮಾನ ಪಡುವವರಿಗೆ ನಮ್ಮದೇ ರಾಜ್ಯದ ಒಂದು ಉದಾಹರಣೆ ಹೇಳುತ್ತೇನೆ. ಬೆಳಗಾವಿ ಜಿಲ್ಲೆ, 2002ರಿಂದ 2005. ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿ, 25 ಮಂದಿ ಎಎನ್ಎಂಗಳು, 1620 ಬಾಣಂತಿಯರು. ಹೆರಿಗೆ ಆದ ಕೂಡಲೇ ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಗುಳಗಿ, 600 ಮೈಕ್ರೋಗ್ರಾಂ. ಉಳಿದವರಿಗೆ ನೋಡೋಕೆ ಹಂಗೇ ಇರುವ, ಔಷಧ ಇಲ್ಲದ ಗುಳಗಿ. ಯಾಕೆ ಗುಳಗಿ? ಆಕ್ಸಿಟೋಸಿನ್‌ಗೆ ಫ್ರಿಜ್ ಬೇಕು, ಸೂಜಿ ಬೇಕು. ಕರೆಂಟ್ ಕೈಕೊಡುವ ಹಳ್ಳಿಯಲ್ಲಿ ಗುಳಗಿ ಸಂಚಿಯಾಗ ಇರುತ್ತದೆ. ಗುಳಗಿ ತಗೊಂಡವರಲ್ಲಿ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ತೀವ್ರ ರಕ್ತಸ್ರಾವ ಶೇ 1.2ರಿಂದ 0.2ಕ್ಕೆ. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ಎಲ್ಲ ಹೆರಿಗೆ ಮಾಡಿಸಿದವರು ಡಾಕ್ಟರಲ್ಲ, ನಮ್ಮಂಥ ಅಕ್ಕಂದಿರು.

ಇನ್ನೊಂದು ಮಾತು. ರಕ್ತ ಎಷ್ಟು ಹೋಯಿತು ಅಂತ ಕಣ್ಣಳತೆಯಲ್ಲಿ ಹೇಳಿದರೆ ಯಾವಾಗಲೂ ಕಡಿಮೆಯೇ ಬರುತ್ತದೆ, ಸೀರೆ, ಅರಿವೆ ಕುಡಿದದ್ದು ಲೆಕ್ಕಕ್ಕೆ ಸಿಗೋದಿಲ್ಲ. ಅದಕ್ಕೆ ಬೆಳಗಾವಿ ಅಧ್ಯಯನಕ್ಕಂತಲೇ ಗೆರೆ ಹಾಕಿದ ಪ್ಲಾಸ್ಟಿಕ್ ಚೀಲ ಮಾಡಿಸಿದ್ದರು. ಬಾಣಂತಿ ಕೆಳಗೆ ಹಾಸಿದರೆ ರಕ್ತ ಇಳಿದು ಅಳತೆ ಗೊತ್ತಾಗುತ್ತದೆ. 2023ರಲ್ಲಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ ಇಂಥದ್ದೇ ಚೀಲ ಹಾಸಿ, ಗೆರೆ ಮುಟ್ಟಿದ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೆ ಶುರು ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಆಪರೇಷನ್, ಸಾವು ಮೂರೂ ಸೇರಿ ಶೇ 60ರಷ್ಟು ತಗ್ಗಿದವು. ಒಂದು ಚೀಲಕ್ಕೆ ಎಷ್ಟು ಖರ್ಚು ಬಂದೀತು, ನೀವೇ ಹೇಳಿ.

ಈಗ ಲೆಕ್ಕಕ್ಕೆ ಬರೋಣ. 24 ತಾಸು ತೆರೆದಿರುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 2012ರ ಕೇಂದ್ರ ಮಾನದಂಡದಲ್ಲಿ ಮೂವರು ಸ್ಟಾಫ್ ನರ್ಸ್ ಅಂತಿತ್ತು. ತಿಂಗಳಿಗೆ 20 ಹೆರಿಗೆ ದಾಟಿದರೆ ನಾಲ್ವರು. ವಾರಕ್ಕೆ 168 ತಾಸು. ಒಬ್ಬಾಕಿ ವಾರಕ್ಕೆ 48 ತಾಸು ದುಡಿದರೆ ಮೂವರಿಗೆ 144. ಅಂದರೆ ಮೂರೂ ಹುದ್ದೆ ತುಂಬಿದ್ದರೂ, ಯಾರೂ ರಜೆ ಹಾಕದಿದ್ದರೂ, ಒಬ್ಬರಾದರೂ ಸದಾ ಇರಬೇಕು ಅಂದರೆ 24 ತಾಸು ಕಮ್ಮಿ ಬೀಳುತ್ತದೆ. ಒಂದು ಹುದ್ದೆ ಖಾಲಿಯಾದರೆ, ಒಬ್ಬಾಕಿ ಹೆರಿಗೆ ರಜೆಗೆ ಹೋದರೆ? ನರ್ಸೂ ಹಡೆಯುತ್ತಾಳಲ್ಲ!

ನಾನು ಕೆಲಸ ಮಾಡಿದ ಒಂದು ಕೇಂದ್ರದಲ್ಲಿ, ಊರಿನ ಹೆಸರು ಬೇಡ, ಕ್ವಾರ್ಟರ್ಸ್ ಬಾಗಿಲಿಗೆ ಒಳಗಿನ ಅಗುಳಿ ಇರಲಿಲ್ಲ. ಎರಡು ವರ್ಷ ಅರ್ಜಿ ಕೊಟ್ಟೆ. ರಾತ್ರಿ ಕುಡಿದು ಬಂದವರು ‘ಸಿಸ್ಟರ್, ಪಟ್ಟಿ ಕಟ್ರಿ’ ಅಂತ ನಿಂತರೆ ಡಿ ಗ್ರೂಪ್‌ನ ಆಯಾ ಒಬ್ಬಳೇ ಜೊತೆಗೆ. ಕೊನೆಗೆ ಪಕ್ಕದ ಕಿರಾಣಿ ಅಂಗಡಿಯ ಕಾಕಾ ತಾವೇ ಒಂದು ಕಬ್ಬಿಣದ ಅಗುಳಿ ಜಡಿದು ಕೊಟ್ಟರು. ನರ್ಸ್‌ಗಳು ಹಳ್ಳಿಯಲ್ಲಿ ಉಳಿಯೋದಿಲ್ಲ ಅಂತ ಬೈಯುವ ಮುಂಚೆ ಇಂಥದ್ದನ್ನೂ ನೋಡಬೇಕು.

371-ಜೆ ಬಂದ ಮೇಲೆ ಒಂದು ಒಳ್ಳೇದಾಗಿದೆ. ನಮ್ಮ ಭಾಗದ ಸಿ ಗ್ರೂಪ್ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ. ಇಲ್ಲಿನ ಮಾತು ಬಲ್ಲ ಹುಡುಗಿಯರು ಬರುತ್ತಿದ್ದಾರೆ. ತಾಂಡಾದ ಹೆಣ್ಣುಮಗಳು ‘ಯಾಡಿ’ ಅಂತ ಅತ್ತರೆ ತಾಯಿಯನ್ನ ಕರೀಲತ್ತಾಳ ಅಂತ ತಿಳಿಯುವವರು ಬೇಕಲ್ಲ. ಭಾಷೆ ಇಲ್ಲದ ಕಡೆ ರೋಗಿ ನೋವಿನ ಬಗ್ಗೆ ಅರ್ಧ ಮಾತ್ರ ಹೇಳುತ್ತಾರೆ.

ಇನ್ನು ಕಾರ್ಖಾನೆ ಕಡೆ. ನಮ್ಮದು ಸಿಮೆಂಟಿನ ನಾಡು. ವಾಡಿ, ಮಳಖೇಡ, ಸೇಡಂ, ಶಹಾಬಾದ್. ಐನೂರಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಆಂಬುಲೆನ್ಸ್ ಕೋಣೆ, ಅದಕ್ಕೆ ವೈದ್ಯಕೀಯ ಮತ್ತು ಶುಶ್ರೂಷಾ ಸಿಬ್ಬಂದಿ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಅಲ್ಲಿನ ನರ್ಸ್ ಕೆಲಸ ಬೇರೆಯೇ: ಸುಟ್ಟ ಗಾಯ, ಕಣ್ಣಿಗೆ ಬಿದ್ದ ದೂಳು, ಕಿವಿ ಪರೀಕ್ಷೆ. ಕುರಕುಂಟಾದ ಸಿಸಿಐ ಕಾರ್ಖಾನೆ 1998ರಲ್ಲಿ ನಿಂತಿತು. ಕಾರ್ಖಾನೆ ನಿಂತರೆ ಇಎಸ್‌ಐ ಸೌಲಭ್ಯವೂ ಹಿಂದೆಯೇ ಹೋಗುತ್ತದೆ, ಆದರೆ ಎದೆಯೊಳಗಿನ ದೂಳು ಹೋಗೋದಿಲ್ಲ. ಆ ಕೆಮ್ಮು ಮುಂದೆ ಊರಿನ ಸಿಸ್ಟರ್ ಹತ್ತಿರ ಬರುತ್ತದೆ. ಕಲ್ಲು ಪಾಲಿಶ್ ಮಾಡುವವರು, ಗಣಿಯಲ್ಲಿ ಕಲ್ಲು ಒಡೆಯುವವರು ಮೊದಲಿನಿಂದಲೂ ಅಲ್ಲಿಗೇ ಬರುವವರು. ಎರಡು ವಾರದ ಕೆಮ್ಮು ಅಂದರೆ ಕಫ ಪರೀಕ್ಷೆಗೆ ಬರೆಯುತ್ತೇವೆ, ಸರಿ. ಜೊತೆಗೆ ‘ಏನ್ ಕೆಲಸ ಮಾಡ್ತೀಯಪ್ಪಾ, ಎಷ್ಟು ವರ್ಷಾತು?’ ಅಂತ ಒಂದು ಸಾಲು ಕೇಳಿ ಬರೆದರೆ ಕ್ಷಯ ಯಾವುದು, ಸಿಲಿಕೋಸಿಸ್ ಯಾವುದು ಅಂತ ಮೇಲಿನ ಡಾಕ್ಟರಿಗೆ ದಾರಿ ಸಿಗುತ್ತದೆ. ರಿಜಿಸ್ಟರ್‌ನಲ್ಲಿ ಆ ಕಾಲಂ ಇಲ್ಲದಿದ್ದರೆ ಅಂಚಿನಲ್ಲಿ ಬರೀರಿ ಅಂತ ನಾನು ಕಿರಿಯರಿಗೆ ಹೇಳುತ್ತಿದ್ದೆ.

ಕಲಬುರಗಿಯ ದೊಡ್ಡ ಆಸ್ಪತ್ರೆ ವಾರ್ಡಿನ ಕಥೆ ನಿಮಗೆ ಗೊತ್ತೇ ಇದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂರು ರೋಗಿಗೆ ಒಬ್ಬ ನರ್ಸ್. ಸರ್ಕಾರಿ ವಾರ್ಡಿನಲ್ಲಿ ಒಮ್ಮೆ ನಿಂತು ಎಣಿಸಿ ನೋಡಿ, ನಾನು ಹೇಳೋದು ಬೇಡ. ಅಲ್ಲಿ ನರ್ಸ್‌ಗೆ ಡಾಕ್ಟರ್ ಹತ್ತಿರವೇ ಇದ್ದಾರೆ, ಒಂಟಿತನ ಇಲ್ಲ. ಆದರೆ ಹೆಸರು ಕೇಳೋಕೂ ಪುರುಸೊತ್ತಿಲ್ಲ, ‘12ನೇ ಬೆಡ್’ ಅಂತಲೇ ಕರೆಯುತ್ತೇವೆ.

2018ರ ನಂತರ ಉಪಕೇಂದ್ರಗಳಿಗೆ ನರ್ಸಿಂಗ್ ಪದವಿ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳು ಬರುತ್ತಿದ್ದಾರೆ. ಬಿಪಿ, ಸಕ್ಕರೆ ರೋಗದವರಿಗೆ ಊರಲ್ಲೇ ಗುಳಗಿ ಸಿಗುವ ಹಂಗಾಗಿದೆ. ನನಗೆ ಇದು ಬಹಳ ದೊಡ್ಡ ಬದಲಾವಣೆ ಅನ್ನಿಸುತ್ತದೆ. ಆದರೆ ಅವರು ಗುತ್ತಿಗೆ ಮೇಲೆ ಇರುವವರು, ಸಂಬಳದ ಒಂದು ಭಾಗ ಮೊಬೈಲ್‌ನಲ್ಲಿ ಭರ್ತಿ ಮಾಡುವ ಅಂಕಿಗಳ ಮೇಲೆ ನಿಂತಿದೆ. ರೋಗಿ ಮುಖ ನೋಡೋದೋ, ಮೊಬೈಲ್ ನೋಡೋದೋ? ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 18 ತಿಂಗಳ ಮಿಡ್‌ವೈಫ್ ತರಬೇತಿಗೆ ಮಾರ್ಗಸೂಚಿ ತಂದಿತು. ಹಂಗೆ ತಯಾರಾದವರು ಮೊದಲು ಬರಬೇಕಾದದ್ದು ಸೇಡಂ, ಚಿಂಚೋಳಿಯಂಥ ತಾಲ್ಲೂಕಿಗೆ ಅಂತ ನನ್ನ ಅಭಿಪ್ರಾಯ. ದೊಡ್ಡ ನಗರಕ್ಕೆ ಆಮೇಲೆ ಕೊಟ್ಟರಾಯಿತು.

ನಿಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಅಂತ ಒಂದು ಇರುತ್ತದೆ. ಅದರ ಸಭೆ ಯಾವಾಗ ಅಂತ ಕೇಳಿ ಹೋಗಿ ಬನ್ನಿ. ಡಾಕ್ಟರ್ ಅದಾರೇನು ಅಂತ ಕೇಳ್ರಿ, ಬೇಡ ಅನ್ನೋದಿಲ್ಲ. ಅದರ ಜೊತೆ ಇವನ್ನೂ ಕೇಳ್ರಿ: ಎಷ್ಟು ನರ್ಸ್ ಹುದ್ದೆ, ಎಷ್ಟು ತುಂಬಿವೆ? ರಾತ್ರಿ ಸಿಸ್ಟರ್ ಜೊತೆ ಯಾರು ಇರುತ್ತಾರೆ? ಆಕ್ಸಿಟೋಸಿನ್ ಫ್ರಿಜ್‌ನಾಗ ಅದನೋ, ಕರೆಂಟ್ ಹೋದರೆ ಏನು? ಮ್ಯಾಗ್ನೀಷಿಯಂ ಸಲ್ಫೇಟ್ ಸ್ಟಾಕ್ ಎಷ್ಟದ? ಕ್ವಾರ್ಟರ್ಸ್ ಬಾಗಿಲಿಗೆ ಅಗುಳಿ ಅದನೇನು?

ಮುಂದಿನ ಸಲ ಆಶಾ ಕಾರ್ಯಕರ್ತೆಯರ ಬಗ್ಗೆ ಮಾತಾಡೋಣ. ನಮಸ್ಕಾರ.