ಬಿಟ್ಟ ಸಾಲು

1740ರ ದಶಕ, ಅಮೆರಿಕದ ನ್ಯೂಜೆರ್ಸಿ. ಕ್ವೇಕರ್ ಪಂಥದ ಕ್ರೈಸ್ತ ಯುವಕ ಜಾನ್ ವುಲ್ಮನ್ ಅಂಗಡಿಯೊಂದರ ಗುಮಾಸ್ತ. ಯಜಮಾನರು ತಮ್ಮ ಮನೆಯ ಕಪ್ಪು ಹೆಂಗಸನ್ನು ಮಾರಿ, ಕ್ರಯಪತ್ರ ಬರೆ ಎಂದರು. ಕೊಂಡವರು ಎದುರಿಗೇ ಕಾಯುತ್ತಿದ್ದರು. ಅದೂ ಸ್ವಂತ ಪಂಥದ ಹಿರಿಯರು. ವುಲ್ಮನ್ ಬರೆದುಕೊಟ್ಟ. ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಒಪ್ಪದು ಎಂದು ಇಬ್ಬರೆದುರೂ ಹೇಳಿದನಾದರೂ, ಬರೆದೆನಲ್ಲಾ ಎಂಬ ಕೊರಗು ಉಳಿಯಿತು. ಈ ಸೋಲಿನಿಂದಲೇ ಅವನು ನನಗೆ ಹತ್ತಿರದವನು. ಮೇಜಿಗೆ ಬಂದ ಕಾಗದಕ್ಕೆ ನಾವೂ ಹೀಗೇ ಸಹಿ ಹಾಕಿಬಿಡುತ್ತೇವೆ.

ಮುಂದೊಮ್ಮೆ ಗಾಯಗೊಂಡು ಮಲಗಿದ್ದ ನೆರೆಯವನೊಬ್ಬ ಉಯಿಲು ಬರೆದುಕೊಡಲು ಕೇಳಿದ. ವುಲ್ಮನ್ ಎಲ್ಲವನ್ನೂ ಬರೆದ. ಗುಲಾಮ ಹುಡುಗಿಯನ್ನು ಮಕ್ಕಳಿಗೆ ಕೊಡುವ ಸಾಲೊಂದನ್ನು ಮಾತ್ರ ಬಿಟ್ಟ. ಹಾಸಿಗೆಯ ಪಕ್ಕ ಓದಿ ಹೇಳಿ, ಕೂಲಿ ಬೇಡ, ಆ ಸಾಲು ನನ್ನಿಂದಾಗದು ಎಂದ. ಇಬ್ಬರೂ ಮನಬಿಚ್ಚಿ ಮಾತಾಡಿದರು. ಕೊನೆಗೆ ಅವಳನ್ನು ಬಿಡುಗಡೆ ಮಾಡಲು ನೆರೆಯವನು ಒಪ್ಪಿದ. ವುಲ್ಮನ್ ಉಯಿಲು ಮುಗಿಸಿದ.